ಆರಂಗುಲದ ಮಣಿಕಟ್ಟು

ಬಳೆಗಾರನಿಗೆ ಕೈಯಳೆಯಲು ಅಳತೆಗೋಲು ಬೇಕಾಗಿಲ್ಲ. ಗೃಹಿಣಿ ಕೈ ಚಾಚಿದೊಡನೆ ಅವನು ಹೆಬ್ಬೆರಳಿನ ಬುಡವನ್ನು ಒಮ್ಮೆ ಮೃದುವಾಗಿ ಅದುಮಿ ನೋಡಿ, "ಎರಡು ನಾಲ್ಕು ಸಾಕಮ್ಮ" ಎಂದೋ "ಎರಡು ಆರು ಬೇಕು ತಾಯಿ" ಎಂದೋ ತೀರ್ಪು ಕೊಟ್ಟುಬಿಡುತ್ತಾನೆ. ಎರಡು ನಾಲ್ಕೆಂದರೆ ಎರಡಂಗುಲ, ಮೇಲೆ ಅಂಗುಲದ ಹದಿನಾರು ಪಾಲಿನಲ್ಲಿ ನಾಲ್ಕು ಪಾಲು. ಎರಡೂಕಾಲು ಅಂಗುಲದ ಒಳವ್ಯಾಸ. ಅವನ ಜಾಣ್ಮೆ ಇರುವುದು ಈ ಲೆಕ್ಕದಲ್ಲಲ್ಲ. ಅವನು ಮಣಿಕಟ್ಟನ್ನು ನೋಡುವುದೇ ಇಲ್ಲ. ಬಳೆ ದಾಟಿಬರಬೇಕಾದ ಗೆಣ್ಣುಗಳನ್ನು ನೋಡುತ್ತಾನೆ. ಯಾವ ಒಡವೆಗೆ ಮೈಯ ಯಾವ ಭಾಗ ಅಡ್ಡಬರುತ್ತದೆಂದು ಅರಿತವನೇ ಅಳತೆ ಬಲ್ಲವನು. ಗಂಡಸರಿಗೆ ಕೈಗಡಿಯಾರ ಮಾರುವವರಲ್ಲಿ ಈ ವಿದ್ಯೆ ಬಲ್ಲವರು ವಿರಳವೆನ್ನದೆ ವಿಧಿಯಿಲ್ಲ.

ಕೊಳ್ಳಬೇಕಾದದ್ದು ಬೆಲೆಬಾಳುವ ಕ್ರೋನೋಗ್ರಾಫ್, ಕಟ್ಟಬೇಕಾದದ್ದು ಸಣ್ಣ ಮಣಿಕಟ್ಟು ಎಂದಾದರಂತೂ ಫಜೀತಿ ಇಮ್ಮಡಿಯಾಗುತ್ತದೆ. ಬೆಂಗಳೂರಿನ ಒಬ್ಬ ಗೃಹಸ್ಥರಿಗೆ ಈ ಫಜೀತಿ ಒದಗಿತು. ಹೆಸರು ಬೇಡ, ರಾಯರು ಎಂದರೆ ಸಾಕು. ಮೂವತ್ತೈದು ವರ್ಷ ಲೆಕ್ಕಪತ್ರಗಳ ನಡುವೆ ದುಡಿದು ನಿವೃತ್ತರಾದವರು. ಎತ್ತರದ ಆಳು; ಆದರೆ ಮಣಿಕಟ್ಟಿನ ಸುತ್ತಳತೆ ಆರಂಗುಲದ ಮೇಲೆ ಒಂದು ಕೂದಲೆಳೆಯಷ್ಟು ಮಾತ್ರ. ಶಾಲೆಯ ದಿನಗಳಲ್ಲಿ ಸಹಪಾಠಿಗಳು ಆ ಮಣಿಕಟ್ಟನ್ನು ಹೆಬ್ಬೆರಳು ಕಿರುಬೆರಳುಗಳ ನಡುವೆ ಹಿಡಿದು "ನುಗ್ಗೆಕಾಯಿ" ಎಂದು ಕರೆದದ್ದುಂಟು. ಅಂದಿನಿಂದ ರಾಯರು ತುಂಬುತೋಳಿನ ಅಂಗಿಯ ವ್ರತ ಹಿಡಿದವರು, ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿಯೂ ಅದನ್ನು ಬಿಟ್ಟವರಲ್ಲ.

ನುಗ್ಗೆಕಾಯಿಯನ್ನು ಓಟಕ್ಕಾಗಲಿ ಕಬಡ್ಡಿಗಾಗಲಿ ಯಾರು ಕರೆಯುತ್ತಾರೆ? ವ್ಯಾಯಾಮದ ಮೇಷ್ಟ್ರಿಗೆ ಕನಿಕರ ಹುಟ್ಟಿ, ಒಂದು ವರ್ಷ ಕ್ರೀಡೋತ್ಸವದಲ್ಲಿ ಹುಡುಗನ ಕೈಗೆ ಸ್ಟಾಪ್‌ವಾಚನ್ನು ಕೊಟ್ಟರು. ಗುಂಡಿ ಒತ್ತಿದರೆ ಮುಳ್ಳು ಓಡುವುದು, ಮತ್ತೆ ಒತ್ತಿದರೆ ನಿಲ್ಲುವುದು. ಓಡಿ ಬಂದ ಬಲಶಾಲಿಗಳೆಲ್ಲ ಏದುಸಿರು ಬಿಡುತ್ತ ಆ ಬಡಕಲು ಹುಡುಗನ ಬಾಯನ್ನೇ ನೋಡುತ್ತ ನಿಂತರು. ಆ ಎರಡು ನಿಮಿಷಗಳ ಪ್ರತಿಷ್ಠೆ ರಾಯರ ಮನಸ್ಸಿನಿಂದ ಎಂದೂ ಅಳಿಯಲಿಲ್ಲ. ನಿವೃತ್ತಿಯ ಹಣ ಕೈಸೇರಿ, ಮನೆಯ ಸಾಲ ತೀರಿ, ಮಗಳು ತನ್ನ ಸಂಸಾರದಲ್ಲಿ ನೆಲೆನಿಂತ ಮೇಲೆ, ಸ್ಟಾಪ್‌ವಾಚನ್ನು ಒಡಲಲ್ಲಿಟ್ಟುಕೊಂಡ ಒಂದು ಒಳ್ಳೆಯ ಕೈಗಡಿಯಾರ ತಮಗೆ ಬೇಕೆಂದು ಅವರು ಒಂದು ಸಂಜೆ ಮೆಲ್ಲನೆ ಬಾಯಿಬಿಟ್ಟರು. ಬೆಲೆ ಹಲವು ಲಕ್ಷ ರೂಪಾಯಿ.

ಪತ್ನಿ ಬೆಚ್ಚಿಬೀಳಲಿಲ್ಲ. "ಇಷ್ಟು ವರ್ಷ ನಿಮಗೇಂತ ಏನು ಕೊಂಡಿದ್ದೀರಿ? ತೊಗೊಳ್ಳಿ. ಆದರೆ ಅಷ್ಟು ದುಡ್ಡು ಸುರಿದು ಅಂಗಿ ತೋಳಿನೊಳಗೆ ಮುಚ್ಚಿಟ್ಟುಕೊಳ್ಳೋದಾದರೆ ಖಂಡಿತ ಬೇಡ" ಎಂದರು. ನಿಬಂಧನೆ ಒಂದೇ. ಆದರೆ ಅದಕ್ಕಿಂತ ಕಠಿಣವಾದ ಇನ್ನೊಂದು ನಿಬಂಧನೆ ರಾಯರ ಪಾಲಿಗೆ ಇರಲಾರದು.

ಕ್ರೋನೋಗ್ರಾಫ್ ಎಂಬ ಮಾತಿಗೆ ಗ್ರೀಕ್ ಮೂಲದಲ್ಲಿ ಕಾಲವನ್ನು ಬರೆಯುವುದೆಂದು ಅರ್ಥ. 1821ರಲ್ಲಿ ಪ್ಯಾರಿಸಿನ ಕುದುರೆಪಂದ್ಯದಲ್ಲಿ ಬಳಸಲೆಂದು ನಿಕೊಲಾ ರಿಯೋಸೆಕ್ ರಚಿಸಿದ ಯಂತ್ರ ನಿಜವಾಗಿಯೂ ಬರೆಯುತ್ತಿತ್ತು. ತಿರುಗುವ ಬಿಲ್ಲೆಯ ಮೇಲೆ ಮಸಿಯ ಚುಕ್ಕೆಯಿಡುತ್ತಿತ್ತು. ಅದಕ್ಕೂ ಮುಂಚೆ, 1816ರಲ್ಲಿ, ಲೂಯಿ ಮುವಾನೆ ಎಂಬಾತ ನಕ್ಷತ್ರ ವೀಕ್ಷಣೆಗಾಗಿ ಇಂಥದೊಂದನ್ನು ಮಾಡಿದ್ದನೆಂಬುದು ಲೋಕಕ್ಕೆ ತಿಳಿದದ್ದು 2013ರಲ್ಲಿ. ಇಂದು ಕೈಗಡಿಯಾರಗಳ ಪಕ್ಕದಲ್ಲಿ ಕಾಣುವ ಎರಡು ಗುಂಡಿಗಳ ಪದ್ಧತಿ, ಒಂದು ಓಡಿಸಿ ನಿಲ್ಲಿಸಲು, ಇನ್ನೊಂದು ಮುಳ್ಳನ್ನು ಸೊನ್ನೆಗೆ ತರಲು, 1934ರಲ್ಲಿ ಬ್ರೈಟ್ಲಿಂಗ್ ಸಂಸ್ಥೆಯಿಂದ ಬಂದದ್ದು. ಮಸಿ ಹೋಯಿತು, ಹೆಸರು ಉಳಿಯಿತು.

ಸಣ್ಣ ಮಣಿಕಟ್ಟಿನವರಿಗೆ ತೊಡಕು ಈ ಯಂತ್ರದ ಸ್ವಭಾವದಲ್ಲಿಯೇ ಇದೆ. ಸಾಮಾನ್ಯ ಗಡಿಯಾರಕ್ಕೆ ಗಂಟೆ, ನಿಮಿಷ, ಸೆಕೆಂಡುಗಳ ಚಕ್ರಗಳಿದ್ದರೆ ಮುಗಿಯಿತು. ಇದಕ್ಕೆ ಓಡುವ, ನಿಲ್ಲುವ, ಹಿಂದಿರುಗುವ ಸನ್ನೆಗೋಲುಗಳ ಇನ್ನೊಂದು ಸಂಸಾರವೇ ಬೇಕು. ಒಂದು ಗಡಿಯಾರದ ಬೆನ್ನ ಮೇಲೆ ಮತ್ತೊಂದನ್ನು ಹೊರಿಸಿದಂತೆ. ತಾನಾಗಿ ಕೀಲಿ ಕೊಟ್ಟುಕೊಳ್ಳುವ ಬಗೆಯದಾದರೆ ಅದರ ಮೇಲೊಂದು ತೂಗುಬಿಲ್ಲೆ ಬೇರೆ. ಹೀಗೆ ದಪ್ಪ ಏರುತ್ತದೆ, ತೂಕ ಏರುತ್ತದೆ. ಮುಖದೊಳಗೆ ಎರಡು ಮೂರು ಪುಟ್ಟ ಮುಖಗಳು ಹಿಡಿಸಬೇಕಾಗಿ ಅಗಲಕ್ಕೂ ಆಸೆ ಹುಟ್ಟುತ್ತದೆ.

ಹಾಗೆಂದು ಇದು ಭೀಮನ ಕೈಗೇ ಮೀಸಲಾದ ವಸ್ತುವೆಂದು ತಿಳಿಯುವುದು ತಪ್ಪು. ಪಾಟೆಕ್ ಫಿಲಿಪ್ ಸಂಸ್ಥೆ 1941ರಲ್ಲಿ ಹೊರತಂದ 1518 ಎಂಬ ಕ್ರೋನೋಗ್ರಾಫ್, ಪಂಚಾಂಗದ ಲೆಕ್ಕವನ್ನೂ ಹೊತ್ತುಕೊಂಡದ್ದು, ಅಗಲದಲ್ಲಿ 35 ಮಿ.ಮೀ. ಮಾತ್ರ. ಅದರ ಉಕ್ಕಿನ ಪ್ರತಿಯೊಂದು 2016ರಲ್ಲಿ ಜಿನೀವಾದ ಹರಾಜಿನಲ್ಲಿ 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಜ್ಯಾಕ್ ಹ್ಯೂಯರ್ 1963ರಲ್ಲಿ ಮೋಟಾರು ಪಂದ್ಯದವರಿಗಾಗಿ ರೂಪಿಸಿದ ಕರೇರ 36 ಮಿ.ಮೀ. ಅದೇ ವರ್ಷ ಹುಟ್ಟಿದ ರೋಲೆಕ್ಸ್ ಡೇಟೋನ ಆಗ ಸುಮಾರು 37. ಹಾಲಿವುಡ್ ನಟ ಪಾಲ್ ನ್ಯೂಮನ್‌ಗೆ, ಎಚ್ಚರಿಕೆಯಿಂದ ಕಾರು ಓಡಿಸೆಂದು ಬೆನ್ನ ಮೇಲೆ ಕೆತ್ತಿಸಿ, ಪತ್ನಿ ಕೊಟ್ಟ ಅಂಥ ಡೇಟೋನವೊಂದಕ್ಕೆ 2017ರಲ್ಲಿ ನ್ಯೂಯಾರ್ಕಿನಲ್ಲಿ 1 ಕೋಟಿ 77 ಲಕ್ಷ ಡಾಲರು ಬಂತು. ಪಂದ್ಯದ ಕಾರು ಓಡಿಸುವ ಗಂಡಸಿಗೆ 37 ಸಾಕಾಗಿತ್ತೆಂಬುದನ್ನು ಗಮನಿಸಬೇಕು.

ಅಷ್ಟು ದೂರವೇಕೆ? 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಆರಂಭವಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸುವವರೆಗೆ ಎಷ್ಟು ಮದುವೆಗಳಲ್ಲಿ ಅಳಿಯಂದಿರ ಕೈಗೆ ಆ ಗಡಿಯಾರ ಏರಿರಬಹುದು! ಅವರ ‘ಜನತಾ’ ಸುಮಾರು 35 ಮಿ.ಮೀ. ಯಾವ ಅಳಿಯನೂ ಚಿಕ್ಕದಾಯಿತೆಂದು ಮುನಿಸಿಕೊಂಡು ಹಸೆಮಣೆಯಿಂದ ಎದ್ದು ಹೋದದ್ದಿಲ್ಲ. ಸ್ಕೂಟರ್ ಕೊಡಲಿಲ್ಲವೆಂದು ಎದ್ದವರ ಮಾತು ಬೇರೆ.

ಹಿಂದಿನ ಕಾಲದಲ್ಲಿ ದೊಡ್ಡ ಗಡಿಯಾರಕ್ಕೆ ಒಂದು ಕಾರಣವಿರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವೈಮಾನಿಕರು ಕಟ್ಟುತ್ತಿದ್ದುದು 55 ಮಿ.ಮೀ.; ದಪ್ಪ ಜಾಕೆಟ್ಟಿನ ತೋಳಿನ ಮೇಲೆ. ಇಟಲಿಯ ನೌಕಾಪಡೆಯ ಮುಳುಗುಗಾರರಿಗೆ ಪನೆರಾಯ್ ಮಾಡಿಕೊಟ್ಟದ್ದು 47 ಮಿ.ಮೀ.; ನೀರಿನ ಕತ್ತಲೆಯಲ್ಲಿ ಓದಲು. 1990ರ ದಶಕದಿಂದೀಚೆಗೆ ಆ ಗಾತ್ರ ಕಾರಣವನ್ನು ಕಳೆದುಕೊಂಡು ಷೋಕಿಯಾಗಿ ಪೇಟೆಗೆ ಬಂತು. ಈಗ ಆ ಹುಚ್ಚು ಇಳಿಮುಖವಾಗಿ, ಹಳೆಯ ಅಳತೆಗಳು ಮತ್ತೆ ತಲೆಯೆತ್ತಿವೆ. ಸಣ್ಣ ಮಣಿಕಟ್ಟಿನವರು ನಾಚಬೇಕಾದದ್ದೇನೂ ಇಲ್ಲ, ಸ್ವಲ್ಪ ಅಳೆಯಬೇಕಾದದ್ದು ಮಾತ್ರ ಇದೆ.

ಅಳೆಯುವುದು ಏನನ್ನು? ರಾಯರು ಮೊದಲು ಸುತ್ತಳತೆ ಹಿಡಿದು ಕುಳಿತರು. ಪತ್ನಿ ಕೇಳಿದರು: "ಗಡಿಯಾರ ಕೂರೋದು ಮೇಲುಗಡೆ ತಾನೇ? ಸುತ್ತಳತೆ ಪಟ್ಟಿಗೆ ಸರಿ. ಮೇಲಿನ ಸಮತಟ್ಟು ಎಷ್ಟಿದೆ ನೋಡಿ." ಬಳೆಗಾರನ ಮುಂದೆ ಮೂವತ್ತು ವರ್ಷ ಕೈ ಚಾಚಿದವರ ವಿವೇಕ ಅದು. ಒಂದೇ ಸುತ್ತಳತೆಯ ಎರಡು ಕೈಗಳಲ್ಲಿ ಒಂದು ಹಲಗೆಯಂತೆ ಚಪ್ಪಟೆಯಾಗಿರಬಹುದು, ಇನ್ನೊಂದು ಕಬ್ಬಿನಂತೆ ದುಂಡಗಿರಬಹುದು. ರಾಯರದು ಚಪ್ಪಟೆ ಜಾತಿ. ಮೇಲಿನ ಅಗಲ ಅಡಿಪಟ್ಟಿಯಲ್ಲಿ 50 ಮಿ.ಮೀ. ಬಂತು. ಇನ್ನು ಗಡಿಯಾರದ ಕಡೆ. ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗುವುದು ವ್ಯಾಸ. ಆದರೆ ಕೈಮೇಲೆ ಉದ್ದುದ್ದಕ್ಕೆ ಚಾಚಿಕೊಂಡು ಮಲಗುವುದು ಪಟ್ಟಿಯನ್ನು ಹಿಡಿದ ನಾಲ್ಕು ಕೊಂಬುಗಳು, ಅಂಗಡಿಯವರ ಮಾತಿನಲ್ಲಿ ಲಗ್ಗುಗಳು. ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಗೆ ಎಷ್ಟು ದೂರ ಎಂಬುದೇ ನಿಜವಾದ ಅಳತೆ. ಅದು ಮಣಿಕಟ್ಟಿನ ಸಮತಟ್ಟನ್ನು ಮೀರಿದರೆ ಗಡಿಯಾರ ಜಗಲಿಯಿಂದ ಹೊರಚಾಚಿದ ಚಾಪೆಯಂತೆ ಕಾಣುತ್ತದೆ.

ಆಕೆ ಹಳೆಯ ಮದುವೆಯ ಕರೆಯೋಲೆಯೊಂದನ್ನು ತಂದು, ರಟ್ಟಿನಿಂದ 46, 48, 52 ಮಿ.ಮೀ. ಉದ್ದದ ಮೂರು ಪಟ್ಟಿಗಳನ್ನು ಕತ್ತರಿಸಿ ಪತಿಯ ಕೈಮೇಲೆ ಒಂದೊಂದಾಗಿ ಇಟ್ಟರು. ಐವತ್ತೆರಡು ಎರಡೂ ಕಡೆ ಇಣುಕಿತು. ನಲವತ್ತೆಂಟು ದಡದಂಚಿಗೆ ಬಂದು ನಿಂತಿತು. ನಲವತ್ತಾರು ನೆಮ್ಮದಿಯಾಗಿ ಕುಳಿತಿತು. ಲಕ್ಷಗಟ್ಟಲೆ ರೂಪಾಯಿಯ ವ್ಯವಹಾರದಲ್ಲಿ ಇದಕ್ಕಿಂತ ಉಪಯುಕ್ತವಾದ ಸಲಕರಣೆ ಇನ್ನೊಂದಿಲ್ಲ.

ಅಂಗಡಿಯ ತರುಣ ಮೊದಲು ತಂದಿಟ್ಟದ್ದು 44 ಮಿ.ಮೀ.ಗಳ ಒಂದು ಮಹಾಗಾತ್ರ. "ಗಂಡಸರಿಗೆ ಇದೇ ಸಾರ್ ಲಕ್ಷಣ" ಎಂದ. ರಾಯರ ಕೈಮೇಲೆ ಅದು ಊಟದ ತಟ್ಟೆಯಂತೆ ಕುಳಿತಿತು. ತಿರುಪು ಅಂಗೈಯ ಹಿಂಬದಿಯನ್ನು ಚುಚ್ಚಿತು. ರಾಯರ ಮುಖ ಬಾಡಿತು. ಕೈ ತಾನಾಗಿಯೇ ಅಂಗಿಯ ತೋಳನ್ನು ಎಳೆಯತೊಡಗಿತು. ಇಂಥ ಗಳಿಗೆಯಲ್ಲಿಯೇ ಅನೇಕರು ಸೋತು, ಕೊಟ್ಟದ್ದನ್ನು ಕೊಂಡು ಮನೆಗೆ ಹೋಗುವುದು. ಪತ್ನಿ ಕೈಚೀಲದಿಂದ ರಟ್ಟಿನ ಪಟ್ಟಿಗಳನ್ನು ತೆಗೆದು ಗಾಜಿನ ಮೇಲಿಟ್ಟರು. ತರುಣನ ಮಾತು ಅಲ್ಲಿಂದ ಮುಂದೆ ಸ್ವಲ್ಪ ವಿನಯದ ದಾರಿ ಹಿಡಿಯಿತು.

ಮುಂದೆ ಬಂದದ್ದು ಒಮೆಗಾ ಸ್ಪೀಡ್‌ಮಾಸ್ಟರ್. 1957ರಲ್ಲಿ ಹುಟ್ಟಿದಾಗ ಅದು 39 ಮಿ.ಮೀ.ಗಿಂತ ತುಸು ಕಡಿಮೆಯಿತ್ತು. 1969ರಲ್ಲಿ ಚಂದ್ರಯಾತ್ರೆಗೆ ಹೊರಡುವ ಹೊತ್ತಿಗೆ 42 ಆಗಿತ್ತು. ಆದರೆ ಕೊಂಬಿನಿಂದ ಕೊಂಬಿಗೆ ಸುಮಾರು 48 ಮಾತ್ರ. ಕೊಂಬುಗಳು ಬಾಗಿ ಕೈಯನ್ನು ತಬ್ಬುತ್ತವೆ. ಮುಖ ಕಪ್ಪು, ಸುತ್ತ ಕಪ್ಪು ಬಳೆ. ಆದುದರಿಂದ ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ. ಕಪ್ಪು ಸೀರೆ ಮೈಯನ್ನು ಸಣ್ಣಗೆ ತೋರಿಸುವ ನ್ಯಾಯವೇ ಇದು. ರಾಯರ ಕೈಗೆ ಅದು ಒಲ್ಲೆನ್ನಲಿಲ್ಲ, ಒಲಿಯಲೂ ಇಲ್ಲ. ಹಾಗಾದರೆ 2017ರಲ್ಲಿ ಬಂದ 38 ಮಿ.ಮೀ.ಗಳ ಸ್ಪೀಡ್‌ಮಾಸ್ಟರ್? ಅಂಕಿ ಸಣ್ಣದಾದರೂ ದಪ್ಪ 14 ಮಿ.ಮೀ.ಗೂ ಮೇಲು. ಎತ್ತರ ತಗ್ಗದೆ ಅಗಲ ತಗ್ಗಿದರೆ ಗಡಿಯಾರ ಇಡ್ಲಿಯಾಗುತ್ತದೆ. ವ್ಯಾಸವನ್ನೇ ನಂಬಿ ಹೋದವರು ಎಡವುವುದು ಇಲ್ಲಿಯೇ.

ಕನ್ನಡಿಯ ವಿಚಾರವನ್ನೂ ಹೇಳಬೇಕು. ಗಡಿಯಾರ ಕಟ್ಟಿಕೊಂಡವನು ಅದನ್ನು ಗೇಣುದ್ದದಿಂದ ನೋಡುತ್ತಾನೆ, ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಮೊಬೈಲಿನಿಂದ ಹತ್ತಿರ ಹಿಡಿದು ತೆಗೆದ ಚಿತ್ರ ಇನ್ನೂ ಹಿಗ್ಗಿಸುತ್ತದೆ. ಲೋಕ ನೋಡುವುದು ನಾಲ್ಕು ಮಾರು ದೂರದಿಂದ. ನಿಲುಗನ್ನಡಿಯ ಮುಂದೆ ಕೈಬಿಟ್ಟು ನಿಂತು ನೋಡದೆ ತೀರ್ಮಾನಿಸಕೂಡದು.

ಕೊನೆಗೆ ತರುಣ ಜೆನಿತ್ ಸಂಸ್ಥೆಯ ಕ್ರೋನೋಮಾಸ್ಟರ್ ಒರಿಜಿನಲ್ ತಂದ. 2021ರಲ್ಲಿ ಬಂದದ್ದು, 38 ಮಿ.ಮೀ. ಅಗಲ, ಕೊಂಬಿನಿಂದ ಕೊಂಬಿಗೆ ಸುಮಾರು 46, ದಪ್ಪ ಸುಮಾರು 13. ಸುತ್ತಲಿನ ಬಳೆ ತೆಳುವಾಗಿರುವುದರಿಂದ ಮುಖ ವಿಶಾಲವಾಗಿ ಕಾಣುತ್ತದೆ. ಚಿಕ್ಕದನ್ನು ಕಟ್ಟಿದ್ದೇನೆಂಬ ಅಳುಕು ಕಟ್ಟಿದವನಿಗೆ ಬರುವುದಿಲ್ಲ. ಇದರ ಮನೆತನದ ಕಥೆ ದೊಡ್ಡದು. 1969ರ ಜನವರಿಯಲ್ಲಿ ಪ್ರಕಟವಾದ ‘ಎಲ್ ಪ್ರಿಮೆರೊ’ ಯಂತ್ರ ಗಂಟೆಗೆ 36,000 ಸಲ ಮಿಡಿಯುತ್ತಿತ್ತು, ಸೆಕೆಂಡಿಗೆ ಹತ್ತು. ಕ್ವಾರ್ಟ್ಜ್ ಗಡಿಯಾರಗಳ ಪ್ರವಾಹ ಬಂದಾಗ, 1975ರಲ್ಲಿ, ಸಂಸ್ಥೆಯ ಅಮೆರಿಕನ್ ಒಡೆಯರು ಇನ್ನು ಇಂಥ ಯಂತ್ರ ಬೇಡವೆಂದರು. ಲ ಲೋಕ್ಲ್ ಎಂಬ ಊರಿನ ಕಾರ್ಖಾನೆಯಲ್ಲಿದ್ದ ಷಾರ್ಲ್ ವೆರ್ಮೋ ಎಂಬ ಕುಶಲಕರ್ಮಿ ಆಜ್ಞೆಯನ್ನು ಮೀರಿ, ಅಚ್ಚುಗಳನ್ನೂ ಉಪಕರಣಗಳನ್ನೂ ಅಟ್ಟದ ಮೇಲೆ ಬಚ್ಚಿಟ್ಟು, ಯಾವುದು ಎಲ್ಲಿದೆಯೆಂದು ಬರೆದಿಟ್ಟ. 1980ರ ದಶಕದಲ್ಲಿ ಬೇಡಿಕೆ ಮರಳಿದಾಗ ಅಟ್ಟದ ಬಾಗಿಲು ತೆರೆಯಿತು. 1988ರಿಂದ 2000ದವರೆಗೆ ರೋಲೆಕ್ಸ್ ಕೂಡ ತನ್ನ ಡೇಟೋನಕ್ಕೆ ಆ ಯಂತ್ರವನ್ನೇ ಆಧಾರ ಮಾಡಿಕೊಂಡಿತು. ಅಟ್ಟದಲ್ಲಿ ಏನನ್ನೂ ಎಸೆಯದೆ ಕಾಪಾಡುವ ಮನೆಗಳವರಿಗೆ ವೆರ್ಮೋನ ಮನಸ್ಸು ಸುಲಭವಾಗಿ ಅರ್ಥವಾಗುತ್ತದೆ.

ರಾಯರು ಗುಂಡಿ ಒತ್ತಿದರು. ನಡುವಿನ ಉದ್ದ ಮುಳ್ಳು ನಿಮಿಷಕ್ಕೊಂದು ಸುತ್ತು ಬರಲಿಲ್ಲ. ಹತ್ತೇ ಸೆಕೆಂಡಿನಲ್ಲಿ ಇಡೀ ಮುಖವನ್ನು ಸುತ್ತಿ ಬಂತು, ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಕಣ್ಣಿಗೆ ಕಾಣುವಂತೆ ಮಾಡುತ್ತ. ರಾಯರು ಎರಡು ಸುತ್ತು ಮೌನವಾಗಿ ನೋಡಿದರು, ಮೂರನೆಯ ಸುತ್ತಿಗೆ ಥಟ್ಟನೆ ನಿಲ್ಲಿಸಿದರು. ಪತ್ನಿ ಅವರ ಮುಖವನ್ನು ನೋಡಿ, ರಟ್ಟಿನ ಪಟ್ಟಿಗಳನ್ನು ಕೈಚೀಲಕ್ಕೆ ಹಾಕಿಕೊಂಡರು.

ಲೋಹದ ಸರಪಣಿಯೊಂದಿಗೆ ಕೊಳ್ಳುವುದೋ ತೊಗಲಿನ ಪಟ್ಟಿಯೊಂದಿಗೋ ಎಂಬ ಚರ್ಚೆ ಮಾತ್ರ ಅರ್ಧ ಗಂಟೆ ನಡೆಯಿತು. ಸರಪಣಿಯ ಮೊದಲ ಕೊಂಡಿ ಬಾಗದೆ ನೆಟ್ಟಗೆ ಚಾಚಿದರೆ, ಗಡಿಯಾರದ ಉದ್ದ ಅಷ್ಟೇ ಬೆಳೆದಂತಾಗುತ್ತದೆ. ತೊಗಲು ಕೊಂಬಿನ ಬುಡದಿಂದಲೇ ಇಳಿಯುತ್ತದೆ. ಬೆವರಿಗೆ ಬೇಗ ಸವೆಯುವುದೊಂದು ದೋಷ. ರಾಯರು ತೊಗಲನ್ನೇ ಆರಿಸಿದರು, ಆದರೆ ಕೊನೆಯ ತೂತಿನಲ್ಲಿ ಸಿಕ್ಕಿಸಿದರೂ ಸಡಿಲವಾಯಿತು. ಇನ್ನೊಂದು ತೂತು ಕೊರೆಯಬೇಕಾಯಿತು. ಒಂದು ಕಾಲದಲ್ಲಾಗಿದ್ದರೆ ಅದಕ್ಕೆ ಅವರು ಸಂಕೋಚದಿಂದ ಕುಗ್ಗಿಹೋಗುತ್ತಿದ್ದರು. ಈಗ, ತೂತು ನಡುಗೆರೆಯಿಂದ ಜರುಗದಂತೆ ನೋಡಿಕೊಳ್ಳಲು ತರುಣನಿಗೆ ಎರಡು ಸಲ ಹೇಳಿದರು.

ಮರುದಿನ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ, ಅಂಗಿಯ ತೋಳನ್ನು ಮೊಳಕೈಯವರೆಗೆ ಮಡಿಚಿಕೊಂಡು, ರಾಯರು ಕಾಫಿ ಫಿಲ್ಟರಿನ ಮುಂದೆ ನಿಂತಿದ್ದರು. ಬಿಸಿನೀರು ಬಿದ್ದೊಡನೆ ಗುಂಡಿ ಒತ್ತಿದ್ದರು.

"ಹನ್ನೊಂದು ನಿಮಿಷ, ನಾಲ್ಕು ಸೆಕೆಂಡು, ಮೂರು ಹತ್ತಾಂಶ" ಎಂದು ಘೋಷಿಸಿದರು.

"ಡಿಕಾಕ್ಷನ್ ಇಳಿದು ಆಗಲೇ ಎಷ್ಟೋ ಹೊತ್ತಾಯಿತು. ಮುಳ್ಳು ನೋಡ್ತಾ ನಿಂತಿದ್ದೀರಿ. ಸರಿದುಕೊಳ್ಳಿ, ಹಾಲು ಉಕ್ಕುತ್ತೆ" ಎಂದರು ಪತ್ನಿ.