ಮನೆಯಲ್ಲಿ ಪಾಠ: ಹೊಣೆ ತಾಯಿಯೊಬ್ಬಳದೇ?

ಸಂತಾನವು ಅಲ್ಲಾಹನು ತಂದೆತಾಯಿಯರ ಕೈಗೆ ಒಪ್ಪಿಸಿರುವ ಅಮಾನತ್. ಆ ಅಮಾನತಿನ ಕುರಿತು ಪರಲೋಕದಲ್ಲಿ ವಿಚಾರಣೆ ನಡೆಯುವಾಗ, ಶಾಲೆಯ ಶುಲ್ಕ ಕಟ್ಟಿದ ರಸೀದಿಯನ್ನು ತೋರಿಸಿ ನಾವು ಪಾರಾಗಲಾರೆವು. ಪ್ರತಿಯೊಬ್ಬರೂ ಕುರಿಗಾಹಿಗಳು, ಪ್ರತಿಯೊಬ್ಬರೂ ತಮ್ಮ ಪಾಲಿನವರ ಬಗ್ಗೆ ಉತ್ತರಿಸಬೇಕಾದವರು ಎಂದು ಕಲಿಸಿದ ಪ್ರವಾದಿ(ಸ)ರವರು, ಮನೆಯ ಪುರುಷನನ್ನೂ ಸ್ತ್ರೀಯನ್ನೂ ಪ್ರತ್ಯೇಕವಾಗಿ ಹೆಸರಿಸಿದರು. ಆದರೆ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳುವ ಮಾತು ಬಂದಾಗ, ಉತ್ತರ ಕೊಡಬೇಕಾದವಳು ತಾಯಿಯೊಬ್ಬಳೇ ಎಂಬಂತೆ ನಾವು ನಡೆದುಕೊಳ್ಳುತ್ತೇವೆ.

2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದಾಗ, ಶಿಕಾರಿಪುರ ಮತ್ತು ಸೊರಬದ ಮನೆಗಳು ಯಾವ ಸಿದ್ಧತೆಯೂ ಇಲ್ಲದೆ ಪಾಠಶಾಲೆಗಳಾಗಬೇಕಾಯಿತು. ಸರಕಾರವು ಆ ವರ್ಷದ ಆಗಸ್ಟ್‌ನಲ್ಲಿ ‘ವಿದ್ಯಾಗಮ’ವನ್ನು ಆರಂಭಿಸಿ ಶಿಕ್ಷಕರನ್ನು ಮಕ್ಕಳ ವಠಾರಗಳಿಗೇ ಕಳುಹಿಸಿತು; ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಈ ಒಂದೂವರೆ ವರ್ಷದಲ್ಲಿ ನಮ್ಮ ಅನೇಕ ಮನೆಗಳ ಏಕೈಕ ಮೊಬೈಲ್, ಮೆಕ್ಕೆಜೋಳದ ಹೊಲಕ್ಕೋ ಅಡಿಕೆಯ ಕೆಲಸಕ್ಕೋ ವ್ಯಾಪಾರಕ್ಕೋ ಹೊರಟ ತಂದೆಯ ಜೇಬಿನಲ್ಲಿತ್ತು. ಒಲೆಯ ಮುಂದೆ ರೊಟ್ಟಿ ತಟ್ಟುತ್ತ, ಅತ್ತೆ ಮಾವಂದಿರ ಔಷಧಿಯ ಹೊತ್ತನ್ನು ನೆನಪಿಟ್ಟುಕೊಂಡು, ಹಸುಗೂಸನ್ನು ಮಲಗಿಸುತ್ತ, ಮಗ್ಗಿ ಒಪ್ಪಿಸುವ ಮಗನಿಗೂ ಕಿವಿಗೊಟ್ಟವಳು ತಾಯಿ. ಮನೆಮಾತು ಉರ್ದು, ಮಕ್ತಬ್‌ನಲ್ಲಿ ಅರಬಿ ಅಕ್ಷರ, ಪಠ್ಯಪುಸ್ತಕದಲ್ಲಿ ಕನ್ನಡ. ಈ ಮೂರನ್ನೂ ಒಬ್ಬ ತಾಯಿ ಏಕಕಾಲಕ್ಕೆ ನಿಭಾಯಿಸುವುದು ಸಾಮಾನ್ಯದ ಮಾತಲ್ಲ.

ಇಂತಹ ಮನೆಯಲ್ಲಿ ತಾಯಿಯ ಹೊರೆ ಮಿತಿಮೀರಿದಾಗ ಅದು ಇಳಿಯುವುದು ಹಿರಿಯ ಮಗಳ ಹೆಗಲಿಗೆ. ತಮ್ಮ ತಂಗಿಯರಿಗೆ ಅವಳು ಆಪಾ; ಅವರ ಸ್ನಾನ, ಊಟ, ಪಾಠವೆಲ್ಲ ಅವಳದೇ. ಅವಳ ಪಾಠವನ್ನು ಕೇಳುವವರು ಯಾರು? ‘ಮನೆಯಲ್ಲೇ ಓದುತ್ತಾಳೆ’ ಎಂಬ ಮಾತನ್ನು ನಾವು ಇಂದಿಗೂ ಕೇಳುತ್ತೇವೆ. ಅದು ಕೆಲವೆಡೆ ನಿಜವಾದ ವಿದ್ಯಾಭ್ಯಾಸ. ಕೆಲವೆಡೆ ಓದು ನಿಂತುಹೋದುದನ್ನು ಮರೆಮಾಚುವ ಪರದೆ. ಇವೆರಡರ ವ್ಯತ್ಯಾಸವನ್ನು ತಿಳಿಯಲು ಒಂದೇ ಪ್ರಶ್ನೆ ಸಾಕು: ದಿನದಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆಯದ, ಓದಿಗಾಗಿಯೇ ಮೀಸಲಾದ ಹೊತ್ತು ಅವಳಿಗೆ ಇದೆಯೇ? ಇಲ್ಲವಾದರೆ ಅದು ಮನೆಪಾಠವಲ್ಲ, ಮನೆಗೆಲಸ.

ಇಲ್ಲಿ ಕೆಲವರು ಇಮಾಮ್ ಶಾಫಿಈ(ರ)ರವರ ತಾಯಿಯನ್ನು ಉದಾಹರಿಸುತ್ತಾರೆ. ಗಾಝಾದಿಂದ ಮಕ್ಕಾಕ್ಕೆ ಮಗನನ್ನು ಕರೆದೊಯ್ದು, ಗುರುವಿಗೆ ಕೊಡಲು ಹಣವಿಲ್ಲದ ಬಡತನದಲ್ಲಿಯೂ ಅವನ ವಿದ್ಯೆಯನ್ನು ನಿಲ್ಲಗೊಡದ ಆ ಮಹಾತಾಯಿಯ ಆದರ್ಶ ದೊಡ್ಡದು. ಆದರೆ ಆಕೆ ಒಬ್ಬಂಟಿಯಾಗಿ ಹೊಣೆ ಹೊತ್ತದ್ದು ಮಗುವಿನ ತಂದೆ ತೀರಿಕೊಂಡಿದ್ದುದರಿಂದ. ತಂದೆ ಬದುಕಿರುವ ಮನೆಯಲ್ಲಿ ಮಕ್ಕಳು ವಿದ್ಯೆಯ ವಿಷಯದಲ್ಲಿ ಯತೀಮರಂತೆ ಬೆಳೆಯುವುದಕ್ಕೆ ಈ ಚರಿತ್ರೆಯು ಸಮರ್ಥನೆಯಾಗದು.

ಪ್ರವಾದಿ(ಸ)ರವರು ಮನೆಯೊಳಗೆ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ, ಅವರು ಮನೆಯವರ ಸೇವೆಯಲ್ಲಿ ನಿರತರಾಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಸಮುದಾಯದ ಸಮಸ್ತ ಭಾರವನ್ನು ಹೊತ್ತವರಿಗೇ ಮನೆಗೆಲಸಕ್ಕೆ ಸಮಯವಿತ್ತು. ನಮ್ಮ ಅಂಗಡಿ, ಹೊಲ, ನೌಕರಿ ಅದಕ್ಕಿಂತ ದೊಡ್ಡದೇನಲ್ಲ. ಕುರ್‌ಆನಿನಲ್ಲಿ ಮಗನನ್ನು ಕೂರಿಸಿಕೊಂಡು ತೌಹೀದ್, ನಮಾಝ್, ಸಹನೆ, ನಡಿಗೆಯ ವಿನಯ, ದನಿಯ ಮೃದುತ್ವಗಳನ್ನು ಬೋಧಿಸುವ ಲುಕ್ಮಾನರೂ ಒಬ್ಬ ತಂದೆಯೇ.

ಅನ್ನ, ಆರೈಕೆ, ಅಕ್ಷರಗಳನ್ನು ಒಂದೇ ಸೂರಿನಡಿ ನಡೆಸುವುದು ಈ ನೆಲಕ್ಕೆ ಹೊಸತಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ಶಾಸ್ತ್ರಾಧ್ಯಯನದೊಂದಿಗೆ ಹಸಿದವರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದವೆಂದು ಹೇಳುತ್ತದೆ. ಸೊರಬದ ಗುಡಿಗಾರರು ಶ್ರೀಗಂಧದ ಕೆತ್ತನೆಯನ್ನು ತಲೆಮಾರುಗಳಿಂದ ಮನೆಯಲ್ಲೇ ಮಕ್ಕಳಿಗೆ ದಾಟಿಸುತ್ತ ಬಂದಿದ್ದಾರೆ. ಹಿರಿಯರು ಕೈಹಿಡಿದು ಕಲಿಸದೆ ಉಳಿ ಮಗುವಿಗೆ ಒಲಿಯುವುದಿಲ್ಲ.

ಆದ್ದರಿಂದ ಮಗ್‌ರಿಬ್‌ನಿಂದ ಇಶಾವರೆಗಿನ ಹೊತ್ತನ್ನು ತಂದೆಯು ಮಕ್ಕಳಿಗೆ ಮೀಸಲಿಡಲಿ. ಕಾಲು ಗಂಟೆ ಕುರ್‌ಆನ್, ಉಳಿದ ಹೊತ್ತು ಕನ್ನಡದ ಓದು ಮತ್ತು ಲೆಕ್ಕ. ತಾನು ಹೆಚ್ಚು ಓದದವನಾದರೆ ಮಗು ಓದುವುದನ್ನು ಕೇಳುತ್ತ ಕೂರಲಿ, ಅದೂ ಪಾಠವೇ. ಗಂಡುಮಕ್ಕಳು ಊಟದ ತಟ್ಟೆಯನ್ನು ತಾವೇ ತೊಳೆಯಲಿ, ಆಪಾಗೂ ಪುಸ್ತಕ ಹಿಡಿಯುವ ಬಿಡುವಾಗಲಿ. ದಿನವೆಲ್ಲ ಶಾಲೆಯ ವೇಳಾಪಟ್ಟಿಯನ್ನು ಅಡುಗೆಮನೆಗೆ ಹೇರಬೇಕಿಲ್ಲ. ಅಲ್ಲಾಹನು ಯಾರ ಮೇಲೂ ಅವರ ಶಕ್ತಿಗೆ ಮೀರಿದ ಭಾರವನ್ನು ಹೊರಿಸುವುದಿಲ್ಲ.

ಶಾಲೆಯು ಕೈಗೆಟಕುವಲ್ಲಿ ಅದನ್ನು ಬಿಡಿಸಬಾರದು. ಅನಿವಾರ್ಯವಾಗಿ ಮಗಳು ಮನೆಯಲ್ಲಿ ಓದಬೇಕಾದರೆ ಅವಳ ಓದಿಗೆ ಪ್ರಮಾಣಪತ್ರದ ಗುರಿ ಇರಲಿ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸಮಾನವಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಆ ಅರ್ಜಿಯನ್ನು ತುಂಬಿಸುವುದು ಕೂಡ ತಂದೆಯ ಕರ್ತವ್ಯ.

ನಮ್ಮ ಮನೆಗಳನ್ನು ಜ್ಞಾನದ ಮನೆಗಳನ್ನಾಗಿ ಮಾಡುವ, ಆ ಹೊಣೆಯನ್ನು ಹಂಚಿಕೊಂಡು ಹೊರುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.