ಅಪ್ಪನ ಅಂಬಾಸಿಡರ್ ಮತ್ತು ಒಂದು ತುಂಡು ತಂತಿ

ನಮ್ಮನೇಲಿ ಒಂದು ಅಂಬಾಸಿಡರ್ ಇದೆ. 1974ರ ಮಾರ್ಕ್ 2. ಅಪ್ಪ 1986ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ, ನಮ್ಮದು ಮಾತ್ರ ಇನ್ನೂ ನಿವೃತ್ತಿ ತಗೊಂಡಿಲ್ಲ. (ಅಪ್ಪನೂ ಅಷ್ಟೇ ಬಿಡಿ!)

ಹೋದ ತಿಂಗಳು ಬಾನೆಟ್ ಒಳಗಿಂದ ಕರಕರ ಸದ್ದು ಶುರುವಾಯ್ತು. ಎಂಜಿನ್ ಆಫ್ ಮಾಡಿ ಫ್ಯಾನ್ ಹಿಡಿದು ನೋಡಿದರೆ ಸಡಿಲ ಹಲ್ಲಿನ ಹಾಗೆ ಅಲ್ಲಾಡ್ತಿದೆ. ಈ ಎಂಜಿನ್‌ನಲ್ಲಿ ಫ್ಯಾನ್ ಕೂತಿರೋದೇ ವಾಟರ್ ಪಂಪಿನ ಶಾಫ್ಟಿನ ತುದಿಗೆ. ಅಂದರೆ ಪಂಪಿನ ಬೇರಿಂಗ್ ಹೋಗಿದೆ. ತಮ್ಮ ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟ: "ಗುಜರಿಗೆ ಹಾಕು ಅತ್ಲಾಗೆ."

ಅಪ್ಪನ ಕೈ ಈಗ ನಡುಗುತ್ತೆ. ಎರಡು ವರ್ಷದಿಂದ ಸ್ಪ್ಯಾನರ್ ಮುಟ್ಟಿಲ್ಲ. ಹಾಗಾಗಿ ಅವರು ಕುರ್ಚಿ ಹಾಕ್ಕೊಂಡು ಹೇಳೋದು, ಕೀಬೋರ್ಡ್ ಕುಟ್ಟೋದಷ್ಟೇ ಗೊತ್ತಿರೋ ನಾನು ಬಿಚ್ಚೋದು ಅಂತಾಯ್ತು.

ನೀರು ಖಾಲಿ ಮಾಡಿ, ರೇಡಿಯೇಟರ್ ಇಳಿಸಿ, ಡೈನಮೋ ಸಡಿಲಿಸಿ ಬೆಲ್ಟ್ ತೆಗೆದು ಪಂಪ್ ಕೈಗೆ ಬರೋಷ್ಟರಲ್ಲಿ ಮಧ್ಯಾಹ್ನ. ಪಂಪಿನ ಮೈಯಲ್ಲಿ ಕೆಳಗೊಂದು ಸಣ್ಣ ತೂತಿರುತ್ತೆ. ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಅಲ್ಲಿಂದ ತೊಟ್ಟಿಕ್ಕಲಿ ಅಂತ. ಹಿಂದೆ ಯಾರೋ ಮಹಾನುಭಾವರು ಸೋರುತ್ತೆ ಅಂತ ಅದಕ್ಕೇ ಎಂ-ಸೀಲ್ ಮೆತ್ತಿದ್ದಾರೆ! ನೀರು ಒಳಗೇ ನಿಂತು ಬೇರಿಂಗ್ ತುಕ್ಕು ಹಿಡಿದಿತ್ತು.

ಪುಲ್ಲರ್ ಹಾಕಿ ಹಬ್ ಕಿತ್ತೆ. ಶಾಫ್ಟ್ ಹಿಂದಕ್ಕೆ ಹೊಡೆಯೋಣ ಅಂತ ಸುತ್ತಿಗೆ ಎತ್ತಿದ್ದೇ ತಡ, "ಏಯ್! ತಂತಿ ತೆಗೆದ್ಯೇನೋ?" ಅಂತ ಕೂಗಿದರು ಅಪ್ಪ. ಯಾವ ತಂತಿ? ಪಂಪಿನ ನೆತ್ತಿಯ ತೂತಿನೊಳಗೆ, ಗ್ರೀಸ್ ಕೊಳೆಯಡಿ, ಬೇರಿಂಗನ್ನು ಅಲುಗದಂತೆ ಹಿಡಿದಿಟ್ಟಿರೋ ಒಂದು ತುಂಡು ತಂತಿ. ಅದನ್ನು ತೆಗೆಯದೆ ಬಡಿದಿದ್ದರೆ ಎರಕದ ಕಬ್ಬಿಣದ ಮೈ ಸೀಳೋದೇ. ಬೆಳಿಗ್ಗೆ ಮಾತ್ರೆ ತಗೊಂಡ್ರಾ ಅಂದರೆ ನೆನಪಿಲ್ಲ ಅನ್ನೋ ಮನುಷ್ಯ... ತಂತಿ ನೆನಪಿದೆ ನೋಡಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದು ಬೇರಿಂಗು, ಸೀಲು, ಗ್ಯಾಸ್ಕೆಟ್ ತಂದೆ. ಲೇತ್ ಅಂಗಡಿಯಲ್ಲಿ ಪ್ರೆಸ್ ಹಾಕಿಸುವಾಗಲೂ ಅಪ್ಪ ಜೊತೆಗೇ ಬಂದರು. ಇಂಪೆಲ್ಲರ್ ರೆಕ್ಕೆಗೂ ಪಂಪಿನ ಮೈಗೂ ನಡುವೆ ಇಪ್ಪತ್ತರಿಂದ ಮೂವತ್ತು ಥೌ ಸಂದು ಬೇಕು, ಅಂದರೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಹತ್ತಿರವಾದರೆ ಉಜ್ಜುತ್ತೆ, ದೂರವಾದರೆ ನೀರು ಸರಿಯಾಗಿ ತಳ್ಳಲ್ಲ. ಫೀಲರ್ ಗೇಜ್ ನನ್ನ ಕೈಯಿಂದ ಇಸ್ಕೊಂಡರು ಅಪ್ಪ. ಎಲೆ ಸಂದಿಗೆ ಹೋಗ್ತಿಲ್ಲ, ಬೆರಳು ನಡುಗ್ತಿದೆ. ಲೇತಿನವರು ಬೇರೆ ಕಡೆ ನೋಡ್ತಾ ನಿಂತರು. ನಾನು ಅವರ ಮಣಿಕಟ್ಟು ಹಿಡ್ಕೊಂಡೆ. ಎಲೆ ಒಳಗೆ ಹೋಯ್ತು. "ಸರಿ ಇದೆ" ಅಂದರು, ನನ್ನ ಮುಖ ನೋಡದೆ.

ಭಾನುವಾರ ಎಲ್ಲ ಜೋಡಿಸಿ, ನೀರು ತುಂಬಿ ಸ್ಟಾರ್ಟ್ ಮಾಡಿದ್ವಿ. ಕರಕರ ಇಲ್ಲ. ರಾತ್ರಿ ಕಾರಿನಡಿ ಹಳೇ ಪೇಪರ್ ಹಾಸಿದೆ.

ಬೆಳಿಗ್ಗೆ ನಾನು ಏಳೋಷ್ಟರಲ್ಲಿ ಅಪ್ಪ ಆ ಪೇಪರ್ ಕೈಯಲ್ಲಿ ಹಿಡ್ಕೊಂಡು ಜಗಲಿ ಮೇಲೆ ಕೂತಿದ್ದರು. ಪೇಪರ್ ಒಣಗೇ ಇತ್ತು.

"ಇವತ್ತು ರಾತ್ರಿನೂ ಹಾಸು" ಅಂದರು.