ಶಿವರಾತ್ರಿ ಕಳೀತು, ಕಡತ ಸಿಗಲಿಲ್ಲ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನೋ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಈ ಸಲ ಅದು ಶಿವರಾತ್ರಿವರೆಗೂ ಕಾಯಲಿಲ್ಲ. ಫೆಬ್ರವರಿ ಅರ್ಧಕ್ಕೇ ಮನೆಯಾಕೆ ಸ್ವೆಟರು, ಕಂಬಳಿ ಎಲ್ಲಾ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ರು. ಮೊನ್ನೆ 28ನೇ ತಾರೀಕು ಹವಾಮಾನ ಇಲಾಖೆಯವರು, 1901ರಿಂದ ಲೆಕ್ಕ ಇಟ್ಟಿರೋದರಲ್ಲಿ ದೇಶಕ್ಕೆ ಇದೇ ಅತ್ಯಂತ ಬಿಸಿ ಫೆಬ್ರವರಿ, ಸರಾಸರಿ 22.04 ಡಿಗ್ರಿ ಅಂದ್ರು. ನಮಗೆ ಡಿಗ್ರಿ ಬೇಕಾಗಿಲ್ಲ. ಕಬ್ಬು ಕಡಿಯೋರು ಬೆಳಿಗ್ಗೆ ಹತ್ತಕ್ಕೇ ಮರದ ನೆರಳಿಗೆ ಬಂದು ಕೂತಿರೋದು ನೋಡಿದ್ರೆ ಸಾಕು.

ಆದ್ರೂ ಬೆಳಗಿನ ಜಾವ ಒಂದು ಗಂಟೆ ಹೊತ್ತು ಇನ್ನೂ ಚೆನ್ನಾಗಿದೆ. ಕೆ.ಆರ್.ಎಸ್. ಕಡೆಯಿಂದ ತಣ್ಣನೆ ಗಾಳಿ ಬರುತ್ತೆ. ನಾಲೆ ಏರಿ ಮೇಲೆ ಬೈಕಲ್ಲಿ ಹೋಗುವಾಗ ಮಾವಿನ ಹೂವಿನ ವಾಸನೆ, ಅದರ ಹಿಂದೆಯೇ ಆಲೆಮನೆ ಹೊಗೆ. ಹೊಗೆಯ ಮಧ್ಯೆ ಹಿಂದಿ ಹಾಡು ಕೇಳುತ್ತೆ. ಬೆಲ್ಲ ಮಂಡ್ಯದ್ದು, ಕೊಪ್ಪರಿಗೆ ಮುಂದೆ ನಿಂತು ಬೇಯೋನು ಉತ್ತರ ಭಾರತದ ಹುಡುಗ. ಕಬ್ಬು ಕಡಿಯೋರು ಬಳ್ಳಾರಿ ಸೀಮೆಯಿಂದ ಬಂದು ಗದ್ದೆ ಪಕ್ಕ ಟಾರ್ಪಾಲ್ ಕಟ್ಟಿಕೊಂಡಿದ್ದಾರೆ. ಅವರ ಮಕ್ಕಳು ಶಾಲೆ ಹೊತ್ತಲ್ಲಿ ನಾಲೆ ಹತ್ರ ಬಿಂದಿಗೆ ಹಿಡ್ಕೊಂಡು ನಿಂತಿರ್ತವೆ. ದಿನಾ ನೋಡ್ತೀನಿ, ದಿನಾ ಬೈಕ್ ನಿಲ್ಲಿಸದೆ ಹೋಗ್ತೀನಿ. ಒಂಬತ್ತೂ ಮುಕ್ಕಾಲಿಗೆ ಬಯೋಮೆಟ್ರಿಕ್ ಹಾಕಬೇಕು.

ಇವತ್ತು ಭಾನುವಾರ. ಪಕ್ಕದ ಬೀದಿಯ ಸಾಬರ ಮನೆಗಳಲ್ಲಿ ಮೊದಲನೇ ರೋಜಾ. ನನಗೂ ಸ್ವಲ್ಪ ಬಿಡುವು. ಬುಧವಾರ ರಾತ್ರಿಯಿಂದ ಮನಸ್ಸಲ್ಲಿ ಕೊರೀತಿರೋದನ್ನ ಬರೆದುಬಿಡೋಣ ಅಂತ ಕೂತಿದ್ದೀನಿ.

ಬುಧವಾರ ಶಿವರಾತ್ರಿ ಜಾಗರಣೆ. ಕಾಲೋನಿ ಹುಡುಗರು ಮಾರಮ್ಮನ ಗುಡಿ ಮುಂದೆ ಪರದೆ ಕಟ್ಟಿ ಸಿನಿಮಾ ಹಾಕಿದ್ರು. ನಾನೂ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಅಕ್ಕನ ಮಗ ಪಕ್ಕಕ್ಕೆ ಬಂದು, 'ಮಾವ, ಇಲ್ನೋಡಿ, ಟ್ರಂಪು ಏನ್ ಹಾಕವ್ನೆ' ಅಂತ ಫೋನ್ ಕೊಟ್ಟ. ಕಂಪ್ಯೂಟರಲ್ಲಿ ಸೃಷ್ಟಿ ಮಾಡಿರೋ ವಿಡಿಯೋ. ಗಾಜಾದ ಮುರಿದುಬಿದ್ದ ಬೀದಿಯಿಂದ ಜನ ನಡೆದು ಬರ್ತಾರೆ, ಎದುರಿಗೆ ಸಮುದ್ರ ತೀರ, ಆಕಾಶಕ್ಕೆ ಮುಟ್ಟೋ ಹೋಟೆಲು, ಮಕ್ಕಳ ತಲೆ ಮೇಲೆ ನೋಟಿನ ಮಳೆ, ನಡುವೆ ಟ್ರಂಪ್‌ದೇ ಚಿನ್ನದ ಪ್ರತಿಮೆ. ಕೊನೇಲಿ ಆತ, ನೆತನ್ಯಾಹು ಇಬ್ಬರೂ ಬಟ್ಟೆ ಬಿಚ್ಚಿ ಈಜುಕೊಳದ ಪಕ್ಕ ಕಾಲು ಚಾಚಿ ಮಲಗಿದ್ದಾರೆ. ಹುಡುಗ ನಕ್ಕ. ಅವನ ಮೇಲೆ ಬೇಜಾರಿಲ್ಲ, ನೋಡಿದ ತಕ್ಷಣ ನಗು ಬರೋ ಹಾಗೇ ಇದೆ. ಆದರೆ ಇದೇ ಮನುಷ್ಯ ಫೆಬ್ರವರಿ 4ನೇ ತಾರೀಕು, ಗಾಜಾ ಜಾಗ ನಾವೇ ತಗೋತೀವಿ, ಅಲ್ಲಿರೋ ಜನ ಬೇರೆ ಕಡೆ ಹೋಗಲಿ, ಅದನ್ನ ಶ್ರೀಮಂತರು ವಿಹಾರಕ್ಕೆ ಬರೋ ಕರಾವಳಿ ಮಾಡಬಹುದು ಅಂತ ಪತ್ರಕರ್ತರ ಮುಂದೆ ಹೇಳಿದ್ದ. ಅದಾದ ಮಾರನೇ ದಿನ ನಮ್ಮವರೇ 104 ಜನರನ್ನ, ಹಲವರ ಕೈಕಾಲಿಗೆ ಕೋಳ ಹಾಕಿ, ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದ್ರು. ಮೊನ್ನೆ ರಾತ್ರಿ ಉಕ್ರೇನಿನ ಅಧ್ಯಕ್ಷನನ್ನ ಮನೆಗೆ ಕರೆದು ಕ್ಯಾಮೆರಾ ಮುಂದೆ ಗದರಿಸಿದ್ದನ್ನಂತೂ ನೀವೂ ನೋಡಿರ್ತೀರಿ. ನಮ್ಮೂರ ಪಟೇಲರ ಜಗಲಿ ಕಂಡಿರೋ ಯಾರಿಗೂ ಆ ದೃಶ್ಯ ಹೊಸದೇನಲ್ಲ.

ಫೋನ್ ವಾಪಸ್ ಕೊಟ್ಟೆ. ಎದುರಿಗೆ ಮಾರಮ್ಮ. ಹುಡುಗರು ಐದಾರು ವರ್ಷದ ಹಿಂದೆ ಚಂದಾ ಎತ್ತಿ ಟೈಲ್ಸ್ ಹಾಕಿಸಿ, ಸಿಮೆಂಟ್ ಗೋಪುರ ಮಾಡಿಸಿದ್ದಾರೆ. ಒಳಗಿರೋದು ಮೊಣಕಾಲೆತ್ತರದ ಒಂದು ಕಲ್ಲು. ಆ ಕಲ್ಲು ನೀರಿನಡಿಯಿಂದ ಬಂದದ್ದು ಅಂತ ಆ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮ್ಮಜ್ಜಿಯ ಅಪ್ಪ ನೀರುಗಂಟಿ. ಕಟ್ಟೆ ಕಟ್ಟಿದಾಗ ಮುಳುಗಿದ ಹಳ್ಳಿಗಳಲ್ಲಿ ಒಂದರವನು. ಊರಿನ ಹೆಸರು ಬೇಡ ಬಿಡಿ, ಅದೇ ಹೆಸರಿನ ಹೊಸ ಊರಲ್ಲಿ ಇವತ್ತೂ ನೆಂಟರಿದ್ದಾರೆ, ಪಂಚಾಯ್ತಿ ರಾಜಕೀಯವೂ ಇದೆ. ಹಳೇ ಮೈಸೂರಿನ ಕಡೆ ನೀರುಗಂಟಿ ಕೆಲಸ ಬಹುಪಾಲು ನಮ್ಮ ಜನರದ್ದೇ. ಕೆರೆ ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಕಾಯೋದು, ರಾತ್ರಿ ಗುದ್ದಲಿ ಹಿಡ್ಕೊಂಡು ಕಾಲುವೆ ಸುತ್ತೋದು. ಸುಗ್ಗಿಯಲ್ಲಿ ಕಣದ ಹತ್ರ ಹೋದ್ರೆ ಇಷ್ಟು ಭತ್ತ, ಇಷ್ಟು ರಾಗಿ. ಇಡೀ ಊರಿಗೆ ನೀರು ಹಂಚೋ ಆ ಮನುಷ್ಯ ಬಾಯಾರಿದ್ರೆ ಊರ ಬಾವಿ ಹತ್ರ ದೂರ ನಿಂತು ಬೊಗಸೆ ಒಡ್ಡಬೇಕಿತ್ತು.

1911ರಲ್ಲಿ ಕಟ್ಟೆ ಕೆಲಸ ಶುರುವಾಯ್ತು, ಮುಗಿಯೋಕೆ ಇಪ್ಪತ್ತು ವರ್ಷ ಹಿಡೀತು. ಅಜ್ಜಿ ಹುಟ್ಟಿದ್ದು ಹೊಸ ಊರಲ್ಲಿ, ಹಳೇ ಊರನ್ನ ಅವಳು ನೋಡಲೇ ಇಲ್ಲ. ಆದ್ರೂ ಸಾಯೋವರೆಗೂ 'ನಮ್ಮೂರು' ಅಂದ್ರೆ ಅವಳಿಗೆ ಅದೇ. ಅವಳು ಹೇಳ್ತಿದ್ದದ್ದು ಇಷ್ಟು: 'ಜಮೀನಿದ್ದೋರ ಹೆಸ್ರ ಬರ್ಕೊಂಡ್ರು ಕಣ್ಮಗಾ. ನಮ್ಮಪ್ಪುಂಗೆ ಎಲ್ಲಿತ್ತು ಜಮೀನು? ಮಾರವ್ವನ್ನ ತಲೆ ಮ್ಯಾಲ್ ಹೊತ್ಕಂಡು ಬಂದ.' ಕೆರೆಯೇ ಮುಳುಗಿದ ಮೇಲೆ ನೀರುಗಂಟಿಗೆ ಏನು ಕೆಲಸ? ಏಷ್ಯಾದಲ್ಲೇ ದೊಡ್ಡ ಕಟ್ಟೆಗಳಲ್ಲಿ ಒಂದು ಅಂತ ಹೆಸರಾದ ನೀರಿನ ದಡದಲ್ಲಿ, ಜೀವನಪೂರ್ತಿ ನೀರು ಹಂಚಿದವನು ಸುರ್ಕಿ ಗಾರೆ ಹೊರೋ ಕೂಲಿಯಾದ.

ಕಟ್ಟೆ ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ಹಾಗಂದ್ರೆ ನಾನು ತಿನ್ನೋ ಅನ್ನಕ್ಕೆ ಮೋಸ ಮಾಡಿದ ಹಾಗೆ. ನಮ್ಮ ಮನೇಲಿ ಬಾಬಾಸಾಹೇಬರ ಪಕ್ಕದಲ್ಲಿ ನಾಲ್ವಡಿಯವರ ಫೋಟೋ ಇದೆ, ಇರುತ್ತೆ. 1918ರಲ್ಲಿ ಮಿಲ್ಲರ್ ಸಮಿತಿ ಮಾಡಿ, ಬ್ರಾಹ್ಮಣೇತರರಿಗೆ ಕೆಲಸದಲ್ಲಿ ಪಾಲು ಕೊಡಬೇಕು ಅಂತ ಹೊರಟವರು ಅವರು. ಅದನ್ನ ಒಪ್ಪದೆ ದಿವಾನಗಿರಿ ಬಿಟ್ಟವರು ಯಾರು ಅಂತ ನಮ್ಮ ಗುಂಪಿನವರಿಗೆ ಹೇಳಬೇಕಾಗಿಲ್ಲ. ಗಾಜಾದ ಸಾವುನೋವಿಗೂ ನಮ್ಮ ಕಟ್ಟೆಗೂ ನಾನು ಹೋಲಿಕೆ ಹಾಕೋದೂ ಇಲ್ಲ. ಅಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಬಾಂಬು ಬಿದ್ದಿದೆ, ಇಲ್ಲಿ ಕಟ್ಟೆ ಜಿಲ್ಲೆಗೆ ಅನ್ನ ಹಾಕಿದೆ. ಆದರೆ ಆ ಈಜುಕೊಳ ನೋಡಿದಾಗ ನನಗೆ ಬೃಂದಾವನದ ಕಾರಂಜಿ ನೆನಪಾಗಿದ್ದು ಸುಳ್ಳಲ್ಲ. ಒಂದು ಜಾಗ ನೋಡೋಕೆ ಚೆಂದ ಆದಮೇಲೆ ಅಲ್ಲಿ ಮೊದಲು ಯಾರಿದ್ರು ಅಂತ ಟಿಕೆಟ್ ತಗೊಂಡವರು ಯಾಕೆ ಕೇಳ್ತಾರೆ? ನಾನೂ ಹೈಸ್ಕೂಲಲ್ಲಿದ್ದಾಗ ಬಣ್ಣದ ಕಾರಂಜಿ ಮುಂದೆ ಬಾಯಿ ಬಿಟ್ಕೊಂಡು ನಿಂತವನೇ.

2023ರಲ್ಲಿ ಮಳೆ ಕೈಕೊಟ್ಟು, ಹೋದ ವರ್ಷ ಬೇಸಿಗೆಗೆ ನೀರು ತೀರಾ ಇಳಿದಿತ್ತಲ್ಲ, ಆಗ ಮಗಳನ್ನ ಕೂರಿಸಿಕೊಂಡು ಹಿನ್ನೀರಿನ ಕಡೆ ಹೋಗಿದ್ದೆ. ಒಡೆದ ಮಣ್ಣು, ಕಪ್ಪೆಚಿಪ್ಪು, ದೂರದಲ್ಲಿ ಕುರಿ ಮೇಯಿಸೋರು. ಕನ್ನಂಬಾಡಿಯ ಹಳೇ ವೇಣುಗೋಪಾಲಸ್ವಾಮಿ ದೇವಸ್ಥಾನದ ಕತೆ ಎಲ್ಲರಿಗೂ ಗೊತ್ತು. ಹೊಯ್ಸಳರ ಕಾಲದ್ದು, ಕಟ್ಟೆ ತುಂಬಿದಾಗ ಮುಳುಗಿತ್ತು, ನೀರು ಇಳಿದಾಗ ಕಾಣ್ತಿತ್ತು. ಆಮೇಲೆ ಖೋಡೆಯವರ ಪ್ರತಿಷ್ಠಾನ ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿಸಿತು. ಒಳ್ಳೇದೇ, ನಾನೂ ಹೋಗಿ ನೋಡಿದ್ದೀನಿ, ಹಿನ್ನೀರು ಎದುರಿಗೇ ಕಾಣುತ್ತೆ. ಅವತ್ತು ಮಗಳಿಗೆ ತೋರಿಸಬೇಕು ಅಂದ್ಕೊಂಡಿದ್ದು ಬೇರೆ. ನಡೀತಾ ನಡೀತಾ ಒಂದು ಕಡೆ ಎರಡು ಕಲ್ಲು ನೆಟ್ಟಗೆ ನಿಂತಿದ್ವು, ಮೇಲೆ ಅಡ್ಡಗಲ್ಲು. ತೂಬಿನ ಕಲ್ಲು. ಹಳೇ ಕೆರೆಗಳಲ್ಲಿ ಇರುತ್ತಲ್ಲ, ಹಾಗೇ. 'ಇದು ನಿನ್ನ ಅಜ್ಜಿಯ ಅಪ್ಪ ನೀರು ಬಿಡ್ತಿದ್ದ ತೂಬಾ ಅಪ್ಪಾ?' ಅಂತ ಮಗಳು ಕೇಳಿದ್ಲು. ಹೌದು ಅಂದ್ಬಿಡೋಣ ಅನ್ನಿಸ್ತು. ಗುಮಾಸ್ತನ ಬುದ್ಧಿ ನೋಡಿ, ಅದಕ್ಕೆ ನನ್ನತ್ರ ದಾಖಲೆ ಇಲ್ಲ. 'ಇರಬಹುದು' ಅಂದೆ. ಜುಲೈನಲ್ಲಿ ಕಟ್ಟೆ 124.80 ಅಡಿ ತುಂಬ್ತು, ಮುಖ್ಯಮಂತ್ರಿಗಳು ಬಾಗಿನ ಬಿಟ್ರು, ತೂಬು ಮತ್ತೆ ನೀರೊಳಗೆ ಹೋಯ್ತು.

ಈಗ ಇಲ್ಲಿ ಕಾವೇರಿ ಆರತಿ ಆಗಬೇಕಂತೆ. ನೋಡ್ಕೊಂಡು ಬರೋಕೆ ಹೋದ ವರ್ಷ ಹರಿದ್ವಾರ, ಕಾಶಿಗೆ ತಂಡವೇ ಹೋಗಿತ್ತು. ಬೃಂದಾವನವನ್ನ ಭಾರೀ ಪಾರ್ಕ್ ಮಾಡೋ ಮಾತೂ ಇದೆ. ಬರೋ ಶುಕ್ರವಾರ ಬಜೆಟ್ಟು. ಎಸ್‌ಸಿಎಸ್‌ಪಿ, ಟಿಎಸ್‌ಪಿ ದುಡ್ಡು ಗ್ಯಾರಂಟಿಗೆ ಹೋಗ್ತಿರೋದರ ಬಗ್ಗೆ ಅವತ್ತೇ ಬೇರೆ ಬರೀತೀನಿ, ಇಲ್ಲಿ ಬೆರೆಸೋಲ್ಲ.

ನಿಜವಾಗಿ ಹೇಳಬೇಕಾದ್ದು ಗುರುವಾರದ ವಿಷಯ. ಇಷ್ಟೊತ್ತೂ ಸುತ್ತಿ ಬಳಸಿ ಬಂದಿದ್ದು ಅದನ್ನ ಹೇಳೋಕೆ ಹಿಂಜರಿಕೆ ಆಗಿಯೇ.

ಜಾಗರಣೆ ಕಣ್ಣಲ್ಲೇ ಕಚೇರಿಗೆ ಹೋಗಿದ್ದೆ. ಹನ್ನೊಂದರ ಹೊತ್ತಿಗೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಬಂದು ಬಾಗಿಲಲ್ಲೇ ನಿಂತ್ರು. ಚಪ್ಪಲಿ ಹೊರಗೆ ಬಿಟ್ಟಿದ್ರು. 'ಬುದ್ಧೀ' ಅಂದ್ರು. 'ಅವ್ವಾ, ಬುದ್ಧಿ ಅನ್ಬೇಡ, ಒಳಗ್ ಬಾ, ನಾನೂ ನಮ್ಮೋನೆ' ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ, ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ ನೋಡಿ, 'ಯಾವೂರ್ಲಾ ಮಗಾ?' ಅಂತ ಬಂದು ಕುರ್ಚಿ ತುದಿ ಮೇಲೆ ಕೂತ್ರು.

ಅವರಪ್ಪನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಆಗಿತ್ತು. ಇವರ ಮದುವೆ ಸಾಲಕ್ಕೆ ಊರ ದೊಡ್ಡವರೊಬ್ಬರಿಗೆ ಬರೆದುಕೊಟ್ಟಿದ್ದಾನೆ. 'ನನ್ ಮದ್ವೆಗೇ ಹೋಯ್ತು ಕಣಪ್ಪಾ ಅದು' ಅಂದ್ರು. ತಪ್ಪು ತಮ್ಮದೇ ಅನ್ನೋ ಹಾಗೆ. ಇಂಥವರಿಗಾಗಿಯೇ 1978ರ ಪಿಟಿಸಿಎಲ್ ಕಾಯ್ದೆ ಬಂದಿದ್ದು. ಎಸ್‌ಸಿ, ಎಸ್‌ಟಿಗೆ ಮಂಜೂರಾದ ಜಮೀನನ್ನ ಷರತ್ತು ಮುರಿದು ಪರಭಾರೆ ಮಾಡಿದ್ರೆ ಅದು ಅಸಿಂಧು, ಜಮೀನು ವಾಪಸ್ ಬರಬೇಕು. 2017ರಲ್ಲಿ ಸುಪ್ರೀಂ ಕೋರ್ಟು, ಬಹಳ ತಡ ಮಾಡಿ ಬಂದ್ರೆ ಆಗೋಲ್ಲ ಅಂದಮೇಲೆ ನಮ್ಮವರ ಅರ್ಜಿಗಳು ಸಾಲಾಗಿ ಬಿದ್ದುಹೋದ್ವು. ಬೆಂಗಳೂರಲ್ಲಿ ಎಷ್ಟೋ ದಿನ ಧರಣಿ ಕೂತ ಮೇಲೆ 2023ರಲ್ಲಿ ತಿದ್ದುಪಡಿ ಆಗಿ, ಅರ್ಜಿಗೆ ಕಾಲಮಿತಿ ಇಲ್ಲ ಅಂತಾಯ್ತು. ಆ ಹೋರಾಟದಲ್ಲಿ ನಾನೂ ರಜೆ ಹಾಕಿ ಹೋಗಿ ಕೂತಿದ್ದೀನಿ, ಇದೇ ಗೋಡೆ ಮೇಲೆ ಫೋಟೋ ಹಾಕ್ಕೊಂಡಿದ್ದೀನಿ, ನೀವೆಲ್ಲಾ ಜೈಭೀಮ್ ಅಂದಿದ್ದೀರಿ.

ಆಯಮ್ಮನ ಹತ್ರ ಇದ್ದದ್ದು ಪ್ಲಾಸ್ಟಿಕ್ ಕವರಲ್ಲಿ ಮಡಚಿದ ಒಂದು ಹಾಳೆ. ಮಂಜೂರಾತಿ ಕಡತದ ನಕಲಿಗೆ ಅರ್ಜಿ ಹಾಕಿದ್ದಕ್ಕೆ ಬಂದ ಹಿಂಬರಹ. 'ಸದರಿ ಕಡತವು ಅಭಿಲೇಖಾಲಯದಲ್ಲಿ ಲಭ್ಯವಿರುವುದಿಲ್ಲ.' ಎಸಿ ಕೋರ್ಟಿಗೆ ಹೋದ್ರೆ ಮೊದಲು ಕೇಳೋದೇ ಮಂಜೂರಾತಿ ದಾಖಲೆ. ಸಾಗುವಳಿ ಚೀಟಿ ಮನೆ ಸೋರಿ ಯಾವತ್ತೋ ಹಾಳಾಗಿದೆ. 'ಇದ್ರಾಗೆ ಏನ್ ಬರ್ದದೆ ಓದ್ ಹೇಳು ಮಗಾ, ಮೊಮ್ಮಗ ಓದ್ದ, ನಂಗ್ ತಿಳೀನಿಲ್ಲ' ಅಂದ್ರು.

ಓದಬೇಕಾಗಿರಲಿಲ್ಲ. ಡಿಸೆಂಬರಲ್ಲಿ ಆ ಸಾಲನ್ನ ಟೈಪ್ ಮಾಡಿದ್ದು ನಾನೇ. ಕೆಳಗೆ ಎಡಗಡೆ ನನ್ನ ಚಿಕ್ಕ ಸಹಿ ಇದೆ. ಅವತ್ತು ಅಂಥವು ಹದಿನೇಳೋ ಹದಿನೆಂಟೋ ಇದ್ವು. ರೆಕಾರ್ಡ್ ರೂಮಿನಿಂದ 'ಇಲ್ಲ' ಅಂತ ಪೆನ್ಸಿಲಲ್ಲಿ ಬರೆದ ಚೀಟಿ ಬಂತು, ಹಳೇ ಫೈಲ್ ತೆರೆದು ಹೆಸರು, ಸರ್ವೆ ನಂಬರ್ ಬದಲಾಯಿಸಿ ಪ್ರಿಂಟ್ ಕೊಟ್ಟೆ. ಒಳಗೆ ಹೋಗಿ ಹುಡುಕಿದ್ರಾ ಅಂತ ಒಂದು ಮಾತು ಕೇಳಲಿಲ್ಲ. ಹೆಸರು ನೋಡಿಯೂ ನಮ್ಮವರು ಅಂತ ಹೊಳೀಲಿಲ್ಲ. ಸಂಜೆ ಆರಕ್ಕೆ ಸಂಘದ ಮೀಟಿಂಗ್ ಇತ್ತು, ಬೇಗ ಹೊರಡಬೇಕಿತ್ತು. ಸಂವಿಧಾನದ ಬಗ್ಗೆ ಮಾತಾಡೋಕೆ.

'ಕಡತ ಸಿಕ್ಕಿಲ್ಲ ಅಂತ ಬರೆದದೆ ಅವ್ವಾ, ಇನ್ನೊಂದ್ಸಲ ಹುಡುಕಿಸ್ತೀನಿ' ಅಂದೆ. ಬರೆದದ್ದು ನಾನೇ ಅಂತ ಹೇಳೋಕೆ ಬಾಯಿ ಬರಲಿಲ್ಲ. ಇಲ್ಲಿ ಹೇಳ್ತಿದ್ದೀನಿ. ಹೊರಡುವಾಗ ಚೀಲದಿಂದ ಎರಡು ಸೇರಿನಷ್ಟು ಹುಣಸೆಹಣ್ಣು ತೆಗೆದು ಮೇಜಿನ ಮೇಲಿಟ್ರು. ಬೇಡ ಅಂದೆ. 'ಲಂಚ ಅಲ್ಲ ಕಣ್ಲಾ, ನಮ್ಮೋನು ಅಂದ್ಯಲ್ಲ' ಅಂದ್ರು.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಲ್ಲಿ ರೆಕಾರ್ಡ್ ರೂಮಿಗೆ ನಾನೇ ಹೋದೆ. ದರಖಾಸ್ತಿನ ಕಟ್ಟುಗಳು ಹೋಬಳಿವಾರು ಇರಬೇಕು, ಇಲ್ಲ. ಕೆಲವು ಗೆದ್ದಲು ಹಿಡಿದಿವೆ, ಕೆಲವಕ್ಕೆ ಹೊದಿಕೆಯೇ ಇಲ್ಲ. ಎರಡು ಕಪಾಟು ಮುಗಿಸಿದೆ, ಇನ್ನೂ ಒಂಬತ್ತು ಇವೆ. ದರಖಾಸ್ತು ವಹಿ ಅಂತ ಉದ್ದನೆ ರಿಜಿಸ್ಟರ್ ಇರುತ್ತೆ, ಕಡತ ಸಿಗದಿದ್ರೂ ಅದರಲ್ಲಿ ನಮೂದು ಸಿಕ್ಕಿದ್ರೆ ದೃಢೀಕೃತ ನಕಲು ಕೊಡಬಹುದು. ಹಳೇ ದಾಖಲೆ ಸ್ಕ್ಯಾನ್ ಮಾಡೋ ಭೂ ಸುರಕ್ಷಾ ಕೆಲಸ ರಾಜ್ಯದಲ್ಲೆಲ್ಲಾ ನಡೀತಿದೆ. ಸ್ಕ್ಯಾನ್ ಆಗೋ ಹೊತ್ತಿಗೆ ಕಟ್ಟಿನಲ್ಲಿ ಇಲ್ಲದ್ದು ಶಾಶ್ವತವಾಗಿ ಇಲ್ಲವೇ ಆಗಿಬಿಡುತ್ತೆ. ಹಾಗಾಗಿ ಗೆಳೆಯರೇ, ನಿಮ್ಮ ತಾತ, ಅಜ್ಜಿಯ ಟ್ರಂಕಿನಲ್ಲಿ ಸಾಗುವಳಿ ಚೀಟಿ, ಕಂದಾಯ ರಸೀದಿ, ಏನಿದ್ರೂ ಇವತ್ತೇ ಫೋಟೋ ತೆಗೆದಿಟ್ಕೊಳ್ಳಿ. ನಕಲಿಗೆ ಅರ್ಜಿ ಹಾಕಿ ಸ್ವೀಕೃತಿ ಇಸ್ಕೊಳ್ಳಿ. 'ಲಭ್ಯವಿಲ್ಲ' ಅಂತ ಹಿಂಬರಹ ಬಂದ್ರೆ, ಯಾವ ಯಾವ ವಹಿ ನೋಡಿದ್ರಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ನನ್ನಂಥ ಗುಮಾಸ್ತ ಆಗ ಒಳಗೆ ಹೋಗಿ ನೋಡ್ತಾನೆ.

ಬಿಸಿಲು ಏರ್ತಾ ಇದೆ, ಮನೆಯಾಕೆ ಹುಣಸೆಹಣ್ಣಿನ ಬೀಜ ಬಿಡಿಸ್ತಾ ಕೂತಿದ್ದಾರೆ. ನಾಳೆ ಮೂರನೇ ಕಪಾಟು.

ಜೈಭೀಮ್.